ತೊಂಬತ್ತೇಳು ಮೀಟರ್

ವಿಜಾಪುರದ ಹೆಸರಿಲ್ಲದ ಒಂದು ಗುಮ್ಮಟದ ಕಟ್ಟೆಯಿಂದ
ಇಲಾಖೆಯವರು ಟೇಪು ಹಿಡಿದರು
ನಮ್ಮ ಒಲೆಯ ತನಕ: ತೊಂಬತ್ತೇಳು.
ನೂರರೊಳಗೆ ಏನೂ ಕಟ್ಟೂ ಹಂಗಿಲ್ಲ.
ತಲಬಾಗಿಲಿಗೆ ನೂರಾನಾಲ್ಕು. ಅಂದರೆ
ಮನೆಯ ನಡುವೆ ಗೆರೆಯೊಂದು ಹಾದಿದೆ,
ಅತ್ತೆಯ ಮಂಚದ ಕೆಳಗೆ.

‘ಒಂದು ಪಾಯಖಾನಿ, ಸಾಹೇಬ್ರ.
ಮ್ಯಾಲೆ ಏನೂ ಏರ್ಸಂಗಿಲ್ಲ.
ನಿಮ್ಮ ಗುಮ್ಮಟ ಕಾಣೂದು ತಪ್ಪಂಗಿಲ್ಲ.’
ಅರ್ಜಿ ಕೊಡ್ರಿ, ಅಂದರು.
ಕೈಯಾಗಿದ್ದದ್ದು ಮೂರನೆಯದು.

ಹನ್ನೊಂದು ತಿಂಗಳಿಗೆ ಕಾಗದ ಬಂತು:
ಹಿಂದಿನ ಗೋಡೆ, ದುರಸ್ತಿಗೆ ಮಾತ್ರ.

ಗವಂಡಿ ಚಮನಸಾಬ ಉಳಿ ಇಟ್ಟ.
ಗಾರೆ ಹಲ್ಲೆ ಹಲ್ಲೆಯಾಗಿ ಉದುರಿ
ಕಲ್ಲೊಂದು ಬಯಲಾಯಿತು.
ತಲೆಕೆಳಗಾಗಿ ಕೂತ ಕಮಲ,
ಎರಡು ದಳಕ್ಕೆ ಇನ್ನೂ ನೀಲಿ.

‘ನಮ್ಮ ಮಾವ ತಂದಿದ್ರು,’ ಅಂದಳು ಅತ್ತೆ,
‘ಎತ್ತಿನ ಗಾಡ್ಯಾಗ, ರಾತ್ರಿ.
ಆಗ ಟೇಪು ಇದ್ದಿಲ್ಲ.’

ಚಮನಸಾಬ ನನ್ನ ಮುಖ ನೋಡಿದ,
ನಾನು ಬಾಗಿಲು ನೋಡಿದೆ.
ಏನೂ ಕೇಳದೆ ಸುಣ್ಣ ಕಲಸಿದ.
ಕರಣಿ ಎಳೆಯುವ ಮುನ್ನ ಮಾತ್ರ
ದಳದ ಸಂದಿಯ ಧೂಳನ್ನು
ತನ್ನ ವಸ್ತ್ರದ ಚುಂಗಿನಿಂದ ತೆಗೆದ,
ನಿಧಾನ, ಕೂಲಿಯ ಹೊತ್ತು ಮೀರಿ.

ಪಾಯಖಾನಿ ಇನ್ನೂ ಅಂಗಳದಾಚೆಯೇ.
ರಾತ್ರಿ ಎರಡಕ್ಕೆ ಅತ್ತೆಯ ಕೈ ಹಿಡಿದು
ಗೆರೆ ದಾಟಿಸುತ್ತೇನೆ,
ಮತ್ತೆ ದಾಟಿಸುತ್ತೇನೆ.
ಆ ಗೋಡೆಯ ಹತ್ತಿರ ಬಂದಾಗ
ಇಬ್ಬರೂ ದನಿ ತಗ್ಗಿಸುತ್ತೇವೆ.