ಚೀಟಿ ಹಚ್ಚೂ ಕೆಲಸ

ತುರ್ಭೆಯ ಮೂರನೇ ಗಾಳಾದಾಗ
ಟ್ಯೂಬ್‌ಲೈಟಿನ ಕೆಳಗ ನಿಂತು
ದಿನಕ್ಕ ಎರಡು ಸಾವಿರ ಎಲಿ ಹಚ್ಚತೇನಿ ನಾನು.
ಗಿಡ ಇಲ್ಲ, ಟೊಂಗಿ ಇಲ್ಲ,
ಸುರುಳಿಯಿಂದ ಸುಲದು ಸುಲದು
ತೊಗರಿ ಬ್ಯಾಳಿ ಪಾಕೀಟಿನ ಎದಿ ಮ್ಯಾಲೆ,
ಎಡಕ್ಕ ಎರಡು ಬಟ್ಟು ಜಾಗಾ ಬಿಟ್ಟು.
ಹಸರು ಎಲಿ, ಬುಡಕ್ಕ ಆರ್ಗ್ಯಾನಿಕ್ ಅಂತ ಅಕ್ಷರ.
ಸೊಟ್ಟ ಆದ್ರ ಘೋಸಾಳಕರ್ ಬೈತಾನ:
"ಎಲಿ ಸೊಟ್ಟ ಇದ್ರ ನಂಬಿಕಿ ಸೊಟ್ಟ ಆಗತದ, ಬಾಯಿ."

ಒಮ್ಮೆ ಸುರುಳಿ ತೀರಿತು.
ವಸಈ ಪ್ರೆಸ್ಸಿನ್ಯಾಗ ಮಶೀನು ಕೆಟ್ಟು
ನಲ್ವತ್ತು ಪೆಟ್ಟಿಗಿ ಬರೇ ಮೈಲೆ ಪೊವಾಯಿಗೆ ಹೋದ್ವು.
ಅದೇ ಹೊಲ, ಅದೇ ಗಿರಣಿ, ಅದೇ ಬ್ಯಾಳಿ.
ಹದಿನೈದು ದಿನಕ್ಕ ಮೂವತ್ತೆಂಟು ತಿರುಗಿ ಬಂದ್ವು.
ಗಿರಾಕಿಗೋಳು ಎತ್ತಿ ನೋಡಿ ಇಟ್ರಂತ.
"ಹಳದಿ ಯಾಕೋ ಜಾಸ್ತಿ" ಅಂದ್ರಂತ ಒಬ್ಬರು,
"ಪಾಲಿಶ್ ಹೊಡದಾರ" ಅಂದ್ರಂತ ಇನ್ನೊಬ್ಬರು.
ಎಲಿ ಹಚ್ಚಿ ಮತ್ತ ಕಳಿಸಿದ್ವಿ.
ಹಳದಿ ಕಡಿಮಿ ಆತು.

ಹಂಗಂತ ಸುಳ್ಳು ಅನಬ್ಯಾಡ್ರಿ.
ವರ್ಷಕ್ಕೊಮ್ಮೆ ಒಬ್ಬಾಕಿ ಬರತಾಳ,
ಮೂಲ್ಯಾಗಿನ ಗೋಣಿಚೀಲನೂ ಮೂಸಿ ನೋಡತಾಳ,
ಮಣ್ಣಿನ ರಿಪೋರ್ಟು, ಬೀಜದ ರಸೀದಿ,
ಲಾರಿ ತೊಳದಾವ್ನ ಸಹಿ,
ಒಂದೊಂದೂ ಹಾಳಿ ತಿರುವತಾಳ.
ಎಲಿ ಕೆಳಗ ಒಂದು ನಂಬರ್ ಇರತದಲ್ಲ,
ಅದು ಯಾರದು ಅಂತ ಊಟದ ಹೊತ್ತಿನ್ಯಾಗ ಕೇಳಿದೆ.
ಫೈಲಿನ ಮ್ಯಾಲೆ ಬಟ್ಟಿಟ್ಟು ಓದಿದಳು:
ಜಗದೇವಿ, ಆಳಂದ ತಾಲೂಕು, ನಾಕು ಎಕರೆ.
ನಮ್ಮ ಕಡ್ಯಾಕಿ!
ಡಬ್ಬಿ ಮುಚ್ಚಿಟ್ಟು ಸುಮ್ನ ಕುಂತೆ.
ಪೊವಾಯಿದಾಗ ಆ ನಂಬರ್ ಯಾರು ಓದತಾರ,
ಎಲಿ ಕಂಡ್ರ ಸಾಕು ಅವರಿಗೆ.

ಆವತ್ತು ಒಂದು ಎಲಿ
ಸೆರಗಿಗೆ ಅಂಟಿಕೊಂಡು ಮನಿಗೆ ಬಂತು.
ಮಗಳು ಆಟಕ್ಕ ಕಿತ್ತು
ರೇಶನ್ ಬ್ಯಾಳಿ ಡಬ್ಬಿಗೆ ಹಚ್ಚಿದಳು.
ಓದೂದು ಬರದ ಅತ್ತಿ
ಎಲಿ ನೋಡಿದ್ರು, ಸಾರು ಎರಡನೇ ಸಲ ಹಾಕಿಸಿಕೊಂಡ್ರು,
"ಇಂಥಾ ಬ್ಯಾಳಿ ನಮ್ಮವ್ವನ ಮನ್ಯಾಗ ಇತ್ತು" ಅಂದ್ರು.
ಗಂಡ ನಕ್ಕ. ನಾನೂ ನಕ್ಕೆ.
ಎಲ್ಲಾ ಗೊತ್ತಿದ್ದಾಕಿ ನಾನು,
ಇದೇ ಕೈಲೆ ಹಚ್ಚಾಕಿ.
ಆದ್ರ ರೊಟ್ಟಿ ಅದ್ದಿ ಬಾಯಿಗಿಟ್ಟಾಗ
ನಾಲಿಗಿ ಒಂದು ಗಳಿಗಿ ನಿಂತಿತು,
ಯಾರದೋ ನಾಕು ಎಕರೆ ಹುಡುಕಿದಂಗ.

ಮರುದಿನ ಡಬ್ಬಿ ತಿಕ್ಕಿದೆ.
ಎಲಿ ಬಿಟ್ಟು,
ಸುತ್ತಮುತ್ತ ಅಷ್ಟ.