ಯು ಮೇಲೆ ಎರಡು ಚುಕ್ಕಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದರೆ
ಎಡಕ್ಕೆ ಮೂರನೇ ಶಟರು ನನ್ನದು.
‘ಲಿಗೋರಿ ಆರ್ಟ್ಸ್’. ಆರ್ಟು ಅಂದರೆ ನಂಬರು ಬರೆಯುವುದು, ಅಷ್ಟೇ.
ಮೂವತ್ತೊಂದು ವರ್ಷ ಕೆಎ ಹನ್ನೆರಡು, ಕೆಎ ಹನ್ನೆರಡು ಅಂತ
ಜಪಮಾಲೆ ಎಣಿಸಿದ ಹಾಗೆ ಬರೆದಿದ್ದೇನೆ,
ಜೀಪಿಗೆ, ಪಿಕಪ್ಪಿಗೆ,
ಒಮ್ಮೆ ಮದುವೆ ವ್ಯಾನಿನ ಅವಸರದಲ್ಲಿ ತಲೆಕೆಳಗಾಗಿ.

ಆಮೇಲೆ ಸರ್ಕಾರದ ಅಚ್ಚಿನ ಪ್ಲೇಟು ಬಂತು.
ತಗಡಿನಲ್ಲೇ ಉಬ್ಬಿದ ಅಕ್ಷರ, ಬಿಚ್ಚಲಾಗದ ರಿವೀಟು.
ಕುಂಚ ತೊಳೆದಿಟ್ಟೆ.
ಈಗ ಮಡ್‌ಗಾರ್ಡಿಗೆ ಹುಲಿ ಅಂಟಿಸುತ್ತೇನೆ,
ಹೋಂಸ್ಟೇಗಳಿಗೆ ಬಾಣದ ಗುರುತು.

ಅಂಥ ಒಂದು ಮಧ್ಯಾಹ್ನ ಪಳಂಗಪ್ಪ ಬಂದ.
ಕಂಕುಳಲ್ಲಿ ಪೇಪರು ಸುತ್ತಿದ್ದು ಏನೋ,
ಕೋವಿಗೆ ಗಿಡ್ಡ, ಕತ್ತಿಗೆ ಅಗಲ.
ಬಿಚ್ಚಿದ: ಜರ್ಮನಿಯ ನಂಬರ್ ಪ್ಲೇಟು,
ಶಿವಾಜಿನಗರದ ಗುಜರಿಯಲ್ಲಿ ಮುನ್ನೂರಕ್ಕೆ ಸಿಕ್ಕಿದ್ದಂತೆ.
“ಕಾರು ಜರ್ಮನಿಯದು ಮಾರಾಯ, ಮುಂದೆ ಬೋರ್ಡೂ ಅಲ್ಲಿಯದೇ ಇರಲಿ.
ಹಿಂದೆ ಬೇಕಾದರೆ ಸರ್ಕಾರದ್ದು.”
ಆ ಕಾರು ಹುಟ್ಟಿದ್ದು ಪುಣೆಯ ಹತ್ತಿರ.
ಹೇಳಲಿಲ್ಲ. ನಾನು ಬರೆಯುವುದು ನಂಬರು, ಜಾತಕವಲ್ಲ.

ಬಿಳಿ ತಗಡು, ಎಡಗಡೆ ನೀಲಿ ಪಟ್ಟಿ,
ಪಟ್ಟಿಯಲ್ಲಿ ನಕ್ಷತ್ರಗಳ ಉಂಗುರ.
ಎಣಿಸಿದೆ, ಹನ್ನೆರಡು.
“ನೋಡು, ನಮ್ಮದೇ ಹನ್ನೆರಡು!” ಪಳಂಗಪ್ಪ ಚಿಟಿಕೆ ಹೊಡೆದ.
ನಮ್ಮ ಸರ್ಕಾರದ್ದಕ್ಕೂ ಎಡಗಡೆ ನೀಲಿಯಲ್ಲಿ ಮೂರಕ್ಷರ,
ಮೇಲೊಂದು ಮಿನುಗುವ ಚಕ್ರ.
ಯಾರು ಯಾರ ಸ್ಲೇಟು ಇಣುಕಿದರೋ.
ಅಕ್ಷರದ ಸಂದಿಯಲ್ಲಿ ಒಂದು ಹುಳದ ರೆಕ್ಕೆ ಒಣಗಿ ಕೂತಿತ್ತು,
ಯಾವ ರಸ್ತೆಯದೋ, ಯಾವ ಸಂಜೆಯದೋ.
ಥಿನ್ನರ್ ಬಿಚ್ಚಿದವನು ಮತ್ತೆ ಮುಚ್ಚಳ ಹಾಕಿದೆ.

ಆಗ ಕಂಡದ್ದು: ‘ಟಿ’ ಆದಮೇಲೆ ಒಂದು ‘ಯು’,
ಅದರ ನೆತ್ತಿಯ ಮೇಲೆ ಎರಡು ಚುಕ್ಕಿ.
ಇಷ್ಟು ವರ್ಷ ಅಕ್ಷರದಲ್ಲೇ ಉಂಡೆದ್ದವನು ನಾನು,
ಈ ಅಕ್ಷರವನ್ನು ಮುಟ್ಟಿರಲಿಲ್ಲ.
“ಇದನ್ನು ಹೇಗೆ ಓದುವುದು?”
“ಓದುವುದು ಯಾಕೆ? ಕಾಣಲಿ ಸಾಕು.”
ಬಂಪರಿಗೆ ಹೊಸ ತೂತು ಕೊರೆದೆ. ಹಳೆಯವು ಹೊಂದಲಿಲ್ಲ.

ಒಂಬತ್ತು ದಿನ ಓಡಾಡಿತು.
ಹತ್ತನೇ ದಿನ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ
ನಂಜನಗೂಡಿನ ಕಡೆಯ ಪೇದೆಯೊಬ್ಬ ಟಾರ್ಚು ಬಿಟ್ಟು ಬಗ್ಗಿ,
“ಇದ್ಯಾವೂರ್ ಗಾಡಿ ಸಾ?”
“ನಾನು ಯಾವ ಮನೆಯವನು ಗೊತ್ತುಂಟಾ ನಿನಗೆ?”
“ಮನೆ ಕೇಳ್ಲಿಲ್ಲ ಸಾ, ಗಾಡಿ ಕೇಳ್ದೆ.”
ದಂಡ ಕಟ್ಟಿ ಬಂದವನು
ಪ್ಲೇಟು ಕಿತ್ತು ನನ್ನ ಮೇಜಿನ ಮೇಲೆ ಎಸೆದ.
ಕೊರೆದ ಕೂಲಿ ಇವತ್ತಿಗೂ ಬಾಕಿ.

ಈ ನಾಡಿನಲ್ಲಿ ಹೆಸರಿಗಿಂತ ಮೊದಲು ಮನೆ ಕೇಳುತ್ತಾರೆ.
ಸಾವಿಗೆ ಹೋದರೂ ಕೇಳುತ್ತಾರೆ, ಸಂತೆಗೆ ಹೋದರೂ.
ತೋಟದ ಗೇಟುಗಳಿಗೆ ಎಷ್ಟು ಮನೆಹೆಸರು ಬರೆದೆನೋ,
ಒಂದರಲ್ಲೂ ಒಂದು ಕೊಂಬು ತಪ್ಪಿಲ್ಲ.
ನನ್ನನ್ನು ಕೇಳಿದರೆ, “ಇಗರ್ಜಿಯ ಹಿಂದೆ.”
“ಅದು ಜಾಗ ಆಯಿತು. ಮನೆ?”
ಅಜ್ಜ ಸಮಾಧಿಕಲ್ಲು ಕೆತ್ತಲು ಕರಾವಳಿಯಿಂದ ಘಾಟಿ ಹತ್ತಿದವನು.
ಊರಿನವರ ಹೆಸರುಗಳನ್ನೆಲ್ಲ ಕಲ್ಲಿಗೆ ಇಳಿಸಿ
ತನ್ನದಕ್ಕೆ ಒಂದು ಮರದ ಶಿಲುಬೆ ಹಾಕಿಸಿಕೊಂಡ.
ಅದನ್ನು ಗೆದ್ದಲು ಓದಿತು.

ಪ್ಲೇಟನ್ನು ಶಟರಿನ ಮೇಲೆ ಹೊಡೆದಿದ್ದೇನೆ,
ರೆಕ್ಕೆಯ ಸಮೇತ.
ಅಂಗಡಿ ಎಲ್ಲಿಗೂ ಓಡುವುದಿಲ್ಲ, ಕೇಸು ಹಾಕುವವರು ಯಾರು?
ಸ್ಕೂಲು ಬಿಟ್ಟ ಮಕ್ಕಳು ನಿಂತು ಕೂಡಿಸಿ ಓದುತ್ತವೆ,
ಚುಕ್ಕಿಯ ಹತ್ತಿರ ಬಂದು ಎಡವುತ್ತವೆ.
“ಅಂಕಲ್, ಇದು ಹೇಗೆ?”
ಶಿಳ್ಳೆ ಹಾಕುವವನ ಹಾಗೆ ತುಟಿ ಚೂಪು ಮಾಡಿ
ಒಳಗೆ ‘ಈ’ ಅನ್ನಲು ನೋಡುತ್ತೇನೆ.
ಏನೋ ಒಂದು ಹೊರಡುತ್ತದೆ.
ಮಕ್ಕಳು ನಗುತ್ತವೆ,
ನಾಳೆ ಮತ್ತೆ ಕೇಳುತ್ತವೆ.