ಬಟಾಣಿ ಬೀದಿಯಲ್ಲೊಂದು ಅಳತೆ

ತಾರ್ತುವಿನ ಬಟಾಣಿ ಬೀದಿ, ಮರದ ಮನೆ, ಜನವರಿ.
ರಾತ್ರಿ ಎರಡೂವರೆ. ಊರ್ಮಸ್
ಫ್ರಿಜ್ಜಿನ ಪ್ಲಗ್ ಕಿತ್ತಿದ್ದಾನೆ,
ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ
ಬಚ್ಚಲಿಗೆ ಸಾಗಿಸಿದ್ದಾನೆ.
ಮೀಟರು ಒಂದು ಮೊಳ ದೂರ, ನಿಘಂಟುಗಳ ಗುಡ್ಡೆಯ ಮೇಲೆ.

ಮೊದಲು, ಕಾರ್ಡಿನ ಜೊತೆಗೇ ಬಂದ ಫ್ಯಾನು:
ಅಂಗೈಯಗಲದ್ದು, ಬಾಯಿ ಮಾತ್ರ ಊರಗಲ.
ತೆರೆಯ ಮೇಲೆ ಯುದ್ಧ ಕಾವೇರಿದಂತೆ
ಅದರ ದನಿಯೂ ಏರಿ, ನಲವತ್ತೇಳು.
ದಿಬ್ಬ ಹತ್ತಲಾರದ ಮೊಪೆಡ್ಡೊಂದು
ಮೇಜಿನ ಕೆಳಗೆ ಸಿಕ್ಕಿಕೊಂಡ ಹಾಗೆ.

ಆಮೇಲೆ ಸ್ಕ್ರೂ ನಾಲ್ಕು ಬಿಚ್ಚಿ, ಒಣಗಿದ ಪೇಸ್ಟು ಒರೆಸಿ,
ಕಡಲೆಕಾಳಿನಷ್ಟು ಹೊಸದು ಹಚ್ಚಿ,
ಬೇರೆಯಾಗಿ ಕೊಂಡು ತಂದ ಕೂಲರು: ಇಟ್ಟಿಗೆಯಷ್ಟು ಭಾರ,
ತಾಮ್ರದ ಕೊಳವೆ ಐದು, ಅಗಲ ರೆಕ್ಕೆಯ ಫ್ಯಾನೆರಡು.
ಬೆಲೆ? ಮಾರಿಕಾಗೆ ಅರ್ಧ ಹೇಳಿದ್ದಾನೆ.

ಅದೇ ಯುದ್ಧ, ಅದೇ ಕಾವು.
ಮೂವತ್ತಮೂರು. ಮೂವತ್ತೆರಡು. ಮತ್ತೆ ಮೂವತ್ತಮೂರು.
ಮುಳ್ಳು ಯಾಕೆ ಹೀಗೆ ತುಯ್ಯುತ್ತದೆ?
ಬೇರಿಂಗೇ? ಸಡಿಲ ಸ್ಕ್ರೂವೇ? ಬಗ್ಗಿ ಕಿವಿಯಿಟ್ಟ,
ಇನ್ನೂ ಹೆಚ್ಚಾಯಿತು.
ಅವನದೇ ಮೂಗಿನ ಉಸಿರು.

ಬಿಗಿಹಿಡಿದ. ಮೂವತ್ತೊಂದು.
ಮಾಡಿನಿಂದ ಹಿಮ ಜಾರಿದ್ದು ಕೇಳಿತು,
ಬಚ್ಚಲಲ್ಲಿ ಕಂಬಳಿಯೊಳಗಿನ ಟಿಕ್ ಟಿಕ್,
ಒಳಕೋಣೆಯಲ್ಲಿ ಮಾರಿಕಾ ಮಗ್ಗುಲಾದದ್ದು,
‘ಇನ್ನೂ ಎದ್ದಿದ್ದೀಯಾ?’ ಎಂದದ್ದು.
ಐವತ್ತೆರಡು.

ಎಷ್ಟು ರಾತ್ರಿಗಳಿಂದ ಕೇಳುತ್ತಿದ್ದಳೋ.

ಪೆನ್ಸಿಲಿನಲ್ಲಿ ಬರೆದುಕೊಂಡ, ಹೊಡೆದುಹಾಕಲಿಲ್ಲ.
‘ಹ್ಞೂಂ’ ಅಂದ. ಅದನ್ನು ಅಳೆಯಲಿಲ್ಲ.

‘ಫ್ರಿಜ್ಜು ಗೊಣಗುವುದು ಕೇಳಿಸುತ್ತಿಲ್ಲ.
ಪ್ಲಗ್ ಹಾಕಿ ಬಾ,
ಹಾಲು ಒಡೆದೀತು.’